ಮೇಸ್ತ್ರಿಯ ಹೊಲಿಗೆ

"ಹೆಬ್ಬೆರಳು ಮಡಚಿ ತೂರಿಸಿ ನೋಡು," ಎಂದರು ಸಾಹುಕಾರರು.

ಬಡಗಿ ಹೆಣದ ಬಲಗೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ತೊಗಲಪಟ್ಟಿಯನ್ನು ಇನ್ನೊಮ್ಮೆ ಎಳೆದ. ಹಾಯಿ ಹೊಲಿಯುವವರು ಅಂಗೈಗೆ ಹಾಕಿಕೊಳ್ಳುವ ಪಟ್ಟಿ ಅದು. ನಡುವೆ ಒಂದು ಕಬ್ಬಿಣದ ಬಿಲ್ಲೆ. ದಬ್ಬಳದ ಹಿಂಬದಿಯನ್ನು ಅದಕ್ಕೆ ಒತ್ತಿ ನೂಕಿದರೆ ಎಂಥ ದಪ್ಪ ಬಟ್ಟೆಯೂ ದಾರಿ ಬಿಡುತ್ತಿತ್ತು. ಈಗ ಪಟ್ಟಿ ಬೆರಳ ಗೆಣ್ಣಿನ ತನಕ ಬಂದು ನಿಂತುಬಿಟ್ಟಿತು.

"ಆಗ್ತಿಲ್ಲ ಸಾಹುಕಾರ್ರೇ."

"ಕೈ ಊದಿದೆ, ಪಾಪ," ಎಂದು ಸತ್ತ ಮೇಸ್ತ್ರಿಯ ತಂಗಿ ಮೂಗು ಒರೆಸಿಕೊಂಡಳು. "ಬದುಕಿದ್ದಾಗ ಅಣ್ಣನ ಕೈಗೇ ಅಂಟಿಕೊಂಡು ಹುಟ್ಟಿದ ಹಾಗಿತ್ತು."

ತಲೆದೆಸೆಯಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿ ಬಾಯಿ ತೆರೆದಳು. "ಅದು ಅವರಿಗೆ ಆಗಲ್ಲ. ತೆಗೀರಿ. ನನಗೆ ಬೇಕು."

"ನೆನಪಿಗೆ ಬೇಕಾದ್ರೆ ಅವನ ಕನ್ನಡಕ ಇಟ್ಕೋ ತಂಗಿ," ಎಂದರು ಸಾಹುಕಾರರು, ಮಗುವಿಗೆ ಹೇಳುವಂತೆ. "ಕೆಲಸಗಾರನ ಸಾಮಾನು ಕೆಲಸಗಾರನ ಜೊತೆ ಹೋಗ್ಬೇಕು. ಇಷ್ಟು ಮರ್ಯಾದೆನೂ ಮಾಡ್ದೇ ಇದ್ರೆ ನಾನೆಂಥ ಮನುಷ್ಯ?"

ನೆನಪಿಗಲ್ಲ, ನಾಳೆ ಹೊಲಿಯುವುದಕ್ಕೆ ಬೇಕು. ಮಾತು ಗಂಟಲಿನ ತನಕ ಬಂತು. ಅಂಗಳದ ತುಂಬ ಜನ. ಗಂಡ ಬೇರೆ ಹುಬ್ಬು ಗಂಟಿಕ್ಕಿಕೊಂಡೇ ಮಲಗಿದ್ದ. ದೋಣಿಗಳೂ ಹಾಯಿ ಹೊಲಿಯುವ ಶೆಡ್ಡೂ ಸಾಹುಕಾರರವು. ಹೊಲಿಯುವವನಿಗೆ ಹಿಂದಿನ ಕೋಣೆ. ಹೊಲಿಯುವವನು ಸತ್ತರೆ ಕೋಣೆ ಯಾರದೆಂಬ ಮಾತನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಬೆಳಗಿನಿಂದ ಅವಳ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು. ಗಂಡನ ಹೆಣದ ಮುಂದೆ ಕೂತು ಕೋಣೆಯ ಯೋಚನೆ ಮಾಡುತ್ತಿದ್ದೇನಲ್ಲ ಎಂಬ ನಾಚಿಕೆಯೂ ಜೊತೆಗೇ ಇತ್ತು.

ಕೊನೆಗೆ ಬಡಗಿ ಪಟ್ಟಿಯನ್ನು ಹೆಣದ ಅಂಗೈ ಮೇಲಿಟ್ಟು ದಾರ ಸುತ್ತಿ ಬಿಗಿದ. ಪೆಟ್ಟಿಗೆಯ ಮುಚ್ಚಳ ಬಂತು. ಮೊಳೆ ಹೊಡೆಯುವಾಗ ಅವಳು ಪ್ರತಿ ಪೆಟ್ಟಿಗೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡಳು. ಮೊಳೆ ಮುಗಿದವು.

*

ಎಂಟು ವರ್ಷದ ಹಿಂದೆ ಅವನ ಕೈ ನಡುಗತೊಡಗಿತ್ತು. ಮೊದಲು ಲೋಟ ತುಳುಕಿತು, ಆಮೇಲೆ ದಬ್ಬಳ. ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲು ಮುಂದೆ ಮಾಡಿ, ತನ್ನ ತೊಗಲಪಟ್ಟಿ ಬಿಚ್ಚಿ, ಅವಳ ಅಂಗೈ ಮೇಲಿಟ್ಟು ಅಳತೆ ನೋಡಿದ.

"ನನ್ನ ಕೈ ಸರಿ ಹೋಗೋ ತನಕ. ಹೊರಗೆ ಯಾರಿಗೂ ಗೊತ್ತಾಗ್ಬಾರ್ದು."

"ಗೊತ್ತಾದ್ರೆ ಏನಾಗುತ್ತೆ?"

"ಹೆಂಡ್ತಿ ಕೈಲಿ ಹೊಲಿಸ್ತಾನೆ ಅಂತಾರೆ. ಅಷ್ಟು ಸಾಲ್ದಾ?"

ಪಟ್ಟಿಯನ್ನು ಕತ್ತರಿಸಿ ಚಿಕ್ಕದು ಮಾಡಿದವಳು ಅವಳೇ. ಅವನ ಕೈಯಲ್ಲಿ ಕತ್ತರಿ ನಿಲ್ಲುತ್ತಿರಲಿಲ್ಲ.

ಅವನ ಹೊಲಿಗೆ ಒತ್ತೊತ್ತಾಗಿ, ಇರುವೆ ಸಾಲಿನಂತೆ ನೋಡಲು ಚೆಂದ. ಆದರೆ ಹಳೆಯ ಬಟ್ಟೆಗೆ ಒತ್ತು ಹೊಲಿಗೆ ಹಾಕಿದರೆ ತೂತುಗಳು ಒಂದಕ್ಕೊಂದು ಕೂಡಿ ತೇಪೆಯ ಅಂಚಿನುದ್ದಕ್ಕೂ ಬಟ್ಟೆ ಹರಿಯುತ್ತದೆ. ಅವಳು ದೂರದೂರ, ಓರೆಯಾಗಿ, ದಾರವನ್ನು ಕೊಂಚ ಸಡಿಲ ಬಿಟ್ಟು ಹಾಕಿದಳು. ಅವಳ ತೇಪೆಗಳು ತಿಂಗಳುಗಟ್ಟಲೆ ನಿಂತವು. ಹೊಸ ಹಾಯಿ ಕೊಡಿಸದ ಸಾಹುಕಾರರಿಗೆ ಇದಕ್ಕಿಂತ ಬೇಕೇ?

ಯಾರಾದರೂ ಬರುವ ಸದ್ದಾದರೆ ಹಾಯಿ ಅವನ ತೊಡೆಗೆ ಹೋಗುತ್ತಿತ್ತು, ಅವಳು ಒಲೆಯ ಮುಂದೆ. ಬಂದವರು ಹೊಗಳುವರು. ಅವನು "ಅದೇನ್ ಮಹಾ" ಎನ್ನುವನು. ಮೊದಮೊದಲು ಅವರು ಹೋದ ಮೇಲೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಬರಬರುತ್ತ ಅವನು ನಗುವುದು ನಿಂತಿತು. ಅವಳ ಹಿಂದೆ ನಿಂತು, "ನನ್ನ ಹೊಲಿಗೆ ಹಾಗಲ್ಲ, ಹೀಗೆ. ಎಷ್ಟು ಸಲ ಹೇಳಿಕೊಡ್ಲಿ ನಿನಗೆ?" ಎಂದು ಗದರುವನು. ಹೋದ ವರ್ಷದ ಹೊತ್ತಿಗೆ, ಆ ತೇಪೆಗಳು ತನ್ನವೆಂದೇ ಅವನು ನಂಬಿದ್ದ.

*

ಹೂಳುವ ಜಾಗ ಅಳಿವೆಯ ಆಚೆ ದಡದಲ್ಲಿತ್ತು. ಮೇಸ್ತ್ರಿ ಅತಿ ಹೆಚ್ಚು ತೇಪೆ ಹಾಕಿದ ದೋಣಿಯಲ್ಲೇ ಅವನನ್ನು ಒಯ್ಯಬೇಕೆಂದು ಸಾಹುಕಾರರು ಹಟ ಹಿಡಿದಿದ್ದರು. ಪೆಟ್ಟಿಗೆ ನಡುವೆ, ಜನ ಸುತ್ತ.

"ಮೊದಲು ಇವನ ತೇಪೆ ಒಂದು ಗಾಳಿಗೆ ಬಾಯಿ ಬಿಡ್ತಿತ್ತು," ಎಂದ ಚುಕ್ಕಾಣಿ ಹಿಡಿದಿದ್ದ ಮುದುಕ. "ವಯಸ್ಸಾದ ಮೇಲೆ ಕೈ ಎಂಥಾ ಪಳಗ್ತು ಅಂತೀರಾ. ಎಲ್ಲರಿಗೂ ಕೆಡುತ್ತೆ, ಇವನಿಗೆ ಕುದುರ್ತು."

"ಪುಣ್ಯಾತ್ಮ. ಒಂದು ದಿನ ಹೊಸ ಹಾಯಿ ಕೊಡ್ಸಿ ಅಂದೋನಲ್ಲ," ಎಂದರು ಸಾಹುಕಾರರು.

ಕೇಳು ಕೇಳು ಎಂದು ಅವಳೇ ಅವನನ್ನು ಎಷ್ಟು ಸಲ ಅಟ್ಟಿದ್ದಳೋ. ಸಾಹುಕಾರರ ಮನೆ ಬಾಗಿಲ ತನಕ ಹೋಗಿ, ಹೊಗಳಿಸಿಕೊಂಡು ವಾಪಸು ಬರುತ್ತಿದ್ದ.

ನಡುನೀರಿನಲ್ಲಿ ಗಾಳಿ ತಿರುಗಿತು. ಹಾಯಿ ಪಟಪಟ ಬಡಿದು, ತೇಪೆಯೇ ಇಲ್ಲದ ಕಡೆ ಮೊಳದುದ್ದ ಸೀಳಿತು. ದೋಣಿಯ ಮೂತಿ ಮೆಲ್ಲಗೆ ಕಡಲಿನತ್ತ ಹೊರಳಿತು.

"ಇಳಿತ ಎಳೀತಿದೆ," ಎಂದ ಮುದುಕ. "ಹುಟ್ಟು ಹಾಕಿದ್ರೆ ಆಗೋ ಮಾತಲ್ಲ. ಯಾರಾದ್ರೂ ಹೊಲೀರಿ."

"ಹೊಲಿಯೋನು ಪೆಟ್ಟಿಗೇಲಿದಾನಲ್ಲ ತಾತ," ಎಂದ ಬಡಗಿ. ಯಾರೂ ನಗಲಿಲ್ಲ.

"ಹಾಯಿ ಇಳಿಸಿ," ಎಂದಳು ಅವಳು. "ಪೆಟ್ಟಿಗೆ ಮೊಳೆ ಕೀಳಿ. ಆ ಪಟ್ಟಿ ಬೇಕು."

"ಅತ್ತಿಗೆ, ನಿನಗೇನು ಬಂತು? ಅಣ್ಣನ ಕೈಯಿಂದ ಕಿತ್ಕೋತೀಯಾ?"

"ಅದು ನಿಮ್ಮಣ್ಣನದಲ್ಲ, ನನ್ನದು. ಎಂಟು ವರ್ಷದಿಂದ ಈ ದೋಣಿಗೆ ಹೊಲೀತಿರೋದು ನಾನು. ಅವರಿಗೆ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ."

ಹೇಳಿಯೇಬಿಟ್ಟಳು. ಎದೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಎಲ್ಲರೂ ಮುಖ ಮುಖ ನೋಡಿಕೊಂಡರು.

"ದುಃಖದಲ್ಲಿ ಬಾಯಿಗೆ ಏನೇನೋ ಬರುತ್ತೆ," ಎಂದರು ಸಾಹುಕಾರರು ತಗ್ಗಿದ ದನಿಯಲ್ಲಿ. "ನೀರು ಕುಡಿಸಿ."

ಅವಳು ನೀರು ಕುಡಿಯದೆ, ತಾನೇ ಹಗ್ಗ ಬಿಚ್ಚಿ ಹಾಯಿ ಇಳಿಸಿದಳು. ಚುಕ್ಕಾಣಿಯ ಕೆಳಗಿನ ಡಬ್ಬಿಯಿಂದ ದಬ್ಬಳ, ಮೇಣ ತಿಕ್ಕಿದ ದಾರ ತೆಗೆದಳು. ಹಳೆಯ ಚೀಲವೊಂದನ್ನು ಸೀಳಿ ತೇಪೆ ಮಾಡಿದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಳು. ಎರಡನೇ ಹೊಲಿಗೆಗೇ ದಬ್ಬಳದ ಹಿಂಬದಿ ಸುತ್ತಿದ ಬಟ್ಟೆಯನ್ನು ದಾಟಿ ಅಂಗೈಗೆ ಇಳಿಯಿತು. ಹಲ್ಲು ಕಚ್ಚಿ ನೂಕಿದಳು. ದೂರದೂರ, ಓರೆಯಾಗಿ, ದಾರ ಕೊಂಚ ಸಡಿಲ. ಈಗ ಕಣ್ಣಾರೆ ನೋಡುತ್ತಾರೆ ಎನ್ನುವ ಒಂದೇ ಆಸೆ ಕೈಯನ್ನು ಓಡಿಸುತ್ತಿತ್ತು.

ಹಾಯಿ ಏರಿತು, ಉಬ್ಬಿತು, ನಿಂತಿತು. ದೋಣಿ ದಡದತ್ತ ತಿರುಗಿತು.

ಸಾಹುಕಾರರು ಹೊಸ ತೇಪೆಯನ್ನೂ ಅದರ ಪಕ್ಕದ ಹಳೆಯ ತೇಪೆಗಳನ್ನೂ ಕಣ್ಣು ಕಿರಿದು ಮಾಡಿ ನೋಡಿದರು. "ನೋಡ್ರಪ್ಪಾ. ಅವನದೇ ಕೈ. ಒಂದೆಳೆ ಆಚೀಚೆ ಇಲ್ಲ."

"ಅಣ್ಣ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದಾನೆ," ಎಂದು ನಾದಿನಿ ಬಿಕ್ಕಿದಳು.

ಮುದುಕ ಮಾತ್ರ ತೇಪೆ ನೋಡಿದ, ಅವಳ ಅಂಗೈ ನೋಡಿದ, ಸಾಹುಕಾರರ ಮುಖ ನೋಡಿದ. ಆಮೇಲೆ ನೀರಿನತ್ತ ತಿರುಗಿಕೊಂಡ.

"ಹೊಸ ಮೇಸ್ತ್ರಿ ಸಿಗೋವರೆಗೂ ಕೋಣೇಲೇ ಇರು ತಂಗಿ," ಎಂದರು ಸಾಹುಕಾರರು ದೊಡ್ಡ ಮನಸ್ಸು ಮಾಡಿ. "ಸಣ್ಣಪುಟ್ಟ ತೇಪೆ ನೀನೇ ಹಾಕು. ಅವನ ಹೆಸರು ಉಳಿಯುತ್ತೆ."

ಬಂದವರೆಲ್ಲ ಒಬ್ಬೊಬ್ಬರಾಗಿ ಪೆಟ್ಟಿಗೆಯನ್ನು ಮುಟ್ಟಿದರು. ಸತ್ತ ಮೇಲೂ ದಡ ಮುಟ್ಟಿಸಿದ ಎಂದರು.

ಗುಂಡಿಯ ಅಂಚಿನಲ್ಲಿ ಮೊದಲ ಹಿಡಿ ಮಣ್ಣು ಹೆಂಡತಿಯದೇ ಎಂದು ಅವಳನ್ನು ಮುಂದೆ ತಂದು ನಿಲ್ಲಿಸಿದರು. ಅವಳು ಬಲಗೈ ತುಂಬ ತೆಗೆದುಕೊಂಡು ಹಾಕಿದಳು. ಒಂದಿಷ್ಟು ಉದುರಿತು, ಉಳಿದದ್ದು ಅಂಗೈಯ ರಕ್ತಕ್ಕೆ ಕೆಸರಾಗಿ ಮೆತ್ತಿಕೊಂಡಿತ್ತು. ಕೈ ಕೊಡವಿದಳು. ಇನ್ನೊಮ್ಮೆ ಕೊಡವಿದಳು. ಹಿಂದೆ ನಿಂತವರು ಮುಷ್ಟಿಯಲ್ಲಿ ಮಣ್ಣು ಹಿಡಿದು, ಅವಳು ಮುಗಿಸಲಿ ಎಂದು ಕಾಯುತ್ತಿದ್ದರು.