ಕುರಿಮರಿಗಳ ಬೆಳವಣಿಗೆಯ ದರ

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಸುರಪುರದ ನಮ್ಮ ಮನೆಯಲ್ಲೇ ನನ್ನ ಗಂಡ ರಂಗಂಪೇಟೆಯ ಕುರಿಗಾರರ ಮಗಳು ರೇಣಮ್ಮನಿಗೆ ಕಲನಶಾಸ್ತ್ರ ಹೇಳಿಕೊಡುತ್ತಿದ್ದರು. ಮದುವೆಯ ಹೊಸದರಲ್ಲಿ ನನಗೂ ಹೀಗೆಯೇ ಕಲಿಸಿದ್ದರು. ಅವಳ ಕುರಿಮರಿಗಳ ಲೆಕ್ಕ ಮುಗಿದರೆ ಪಾಠವೂ ಮುಗಿಯುತ್ತದೆಂದು ನಾನು ಜೋಳ ಹಸನು ಮಾಡುತ್ತ ಕಾಯುತ್ತಿದ್ದೆ.

"ಸರ, ತೂಕ ಏರೋ ದರ ಸೊನ್ನಿಗೆ ಬಂದದರಿ. ಇನ್ನ ಮೇವು ಹಾಕೋದು ದಂಡ. ಮರಿ ಮಾರಂತ ಅಪ್ಪಗ ಹೇಳ್ತೀನಿ."

"ಶಾಭಾಸ್!" ಎಂದರು ಇವರು. ನನಗೆಂದೂ ಹಾಗೆ ಅಂದವರಲ್ಲ.

ತಡೆಯಲಾಗಲಿಲ್ಲ. "ನಡುವ ಉಣ್ಣೆ ಕತ್ತರಿಸೀರೇನ?"

"ಹೌದಕ್ಕಾ, ಹೋದ ವಾರ."

"ಮತ್ತ! ಇಳಿದದ್ದು ಉಣ್ಣೆ ತೂಕ. ಮರಿ ಇನ್ನಾ ಬೆಳೀಲಾಕತ್ತಾವ."

ನಾಚಲಿ ಎಂದೇ ಹೇಳಿದ್ದೆ. ಅವಳು ಖುಷಿಯಿಂದ ನಕ್ಕುಬಿಟ್ಟಳು. "ಸರ, ಹಂಗಾರ ಲೆಕ್ಕ ಮೊದಲಿಂದ ಮಾಡಬೇಕಲ್ರಿ?"

"ಮಾಡೂಣು. ದಿನಾ ಬಾ," ಎಂದರು ಇವರು.