ಎಡಗಡೆ ಖಾಲಿ

ನಿಲುಗಡೆಯ ಗೆರೆಯಲ್ಲಿ ಕಾರು ನಿಲ್ಲಿಸಿದ ತೊಕುಜಿ ಮತ್ತೆ ಹೊರಡಲೇ ಇಲ್ಲ.

ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಗೆರೆಗಿಂತ ಒಂದು ಗೇಣು ಹಿಂದೆ, ಚಕ್ರಗಳು ನೇರ. ನಮ್ಮ ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಬಣ್ಣ ಬಳಿದು ಮಾಡಿದ, ಆಟಿಕೆಯಂಥ ಕೂಡುರಸ್ತೆ ಅದು. ಅದರಾಚೆ ತಡೆಗೋಡೆ, ಗೋಡೆಯಾಚೆ ಸಮುದ್ರ. ಹಿಂದಿನ ದಿನದ ಗಾಳಿ ತಂದ ಮರಳು ಗೆರೆಯನ್ನು ಅರ್ಧ ಮುಚ್ಚಿತ್ತು. ಎಡಕ್ಕೂ ಬಲಕ್ಕೂ ಒಂದು ಗಾಡಿಯೂ ಇರಲಿಲ್ಲ. ಆದರೂ ಮುದುಕರು ಸ್ಟಿಯರಿಂಗ್ ಹಿಡಿದು, ಕಿವಿಯನ್ನು ತುಸು ನನ್ನ ಕಡೆ ತಿರುಗಿಸಿ ಕೂತಿದ್ದರು.

"ಸರಿ, ಹೋಗಿ" ಎಂದೆ. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು.

ಮುಂದಿನ ಗೆರೆಯಲ್ಲೂ ಅದೇ. ನಾನು ಮತ್ತೆ ಹೋಗಿ ಎಂದೆ. ಅದರ ಮುಂದಿನದರಲ್ಲಿ ಬಾಯಿ ಬಿಡದೆ ಕೂತೆ. ಅವರು ಕಾದರು. ಕೊನೆಗೆ ಏನಾಯಿತು ಎಂದು ಕೇಳಿದ್ದಕ್ಕೆ, "ನೀವಿನ್ನೂ ಹೇಳ್ಲಿಲ್ವಲ್ಲ ಮೇಷ್ಟ್ರೇ" ಎಂದರು, ತಪ್ಪು ನನ್ನದೇ ಎನ್ನುವ ಹಾಗೆ.

ಜಪಾನಿನ ಶಿಮಾನೆಯ ಈ ಕಡಲದಂಡೆಯಲ್ಲಿ ನನ್ನ ಶಿಷ್ಯರಲ್ಲಿ ಹದಿನೆಂಟರವರಿಗಿಂತ ಎಂಬತ್ತರವರೇ ಹೆಚ್ಚು. ಲೈಸೆನ್ಸ್ ನವೀಕರಿಸಬೇಕಾದರೆ ಎಪ್ಪತ್ತೈದು ದಾಟಿದವರು ನೆನಪಿನ ಪರೀಕ್ಷೆ ಬರೆಯಬೇಕು. ಈಚೆಗೆ ಸಂಚಾರ ನಿಯಮ ಮುರಿದಿದ್ದರೆ ಕಾರು ಓಡಿಸಿಯೂ ತೋರಿಸಬೇಕು. ತೊಕುಜಿ ನೆನಪಿನ ಪರೀಕ್ಷೆಯನ್ನು ನಗುತ್ತ ಮುಗಿಸಿದ್ದರು. ಅದಕ್ಕೆ ಬರುವ ಚಿತ್ರಗಳ ಪುಸ್ತಕ ಅಂಗಡಿಯಲ್ಲೇ ಸಿಗುತ್ತದೆ. ಊರಿನ ಮುದುಕರೆಲ್ಲ ಅದನ್ನು ಬಾಯಿಪಾಠ ಮಾಡಿದ್ದಾರೆ. ಊರಿನ ಸಾರ್ವಜನಿಕ ಸ್ನಾನದ ಮನೆಯ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಫಿರಂಗಿ, ಡೋಲು, ಬಿದಿರಿನ ಮೊಳಕೆ ಎಂದು ಒಬ್ಬರನ್ನೊಬ್ಬರು ಪರೀಕ್ಷಿಸುವುದನ್ನು ನಾನೇ ಕೇಳಿದ್ದೇನೆ. ಕಾರು ಓಡಿಸಿ ತೋರಿಸಬೇಕಾಗಿ ಬಂದದ್ದು ಚಳಿಗಾಲದಲ್ಲಿ ಅವರು ಒಂದು ನಿಲುಗಡೆಯನ್ನು ನೋಡದೆ ದಾಟಿದ್ದಕ್ಕೆ. ಅಂದು ಅವರ ಹೆಂಡತಿ ಮಿಸಾವೊ ಆಸ್ಪತ್ರೆಯಲ್ಲಿದ್ದರು. ಇವರು ಒಬ್ಬರೇ ಕಾರಿನಲ್ಲಿದ್ದರು.

ಆ ಎರಡು ಸಂಗತಿಗಳ ಸಂಬಂಧ ನನಗೆ ಹೊಳೆದದ್ದು ಈಗ, ಈ ಗೆರೆಯ ಮೇಲೆ.

ಕಾರನ್ನು ಬದಿಗೆ ಹಾಕಿಸಿ ಕೇಳಿದೆ. ಮುಚ್ಚಿಡುವಂಥದ್ದು ಏನೂ ಇಲ್ಲ ಎನ್ನುವ ಹಾಗೆ ಹೇಳಿದರು. ಎಡಗಣ್ಣಿನ ನೋಟ ಅಂಚಿನಲ್ಲಿ ಕಿರಿದಾಗಿ ಕೆಲವು ವರ್ಷಗಳಾದವು. ಅಂದಿನಿಂದ ಎಡಗಡೆಯ ರಸ್ತೆ ಮಿಸಾವೊ ಅವರದು, ಬಲಗಡೆಯದು ಇವರದು. ಆಕೆ "ಖಾಲಿ" ಅಂದರೆ ಹೊರಡುವುದು, ಅನ್ನದಿದ್ದರೆ ನಿಲ್ಲುವುದು. "ದೋಣೀಲೂ ಹಾಗೇ ಅಲ್ವಾ? ಬಲೆ ಎಳೆಯೋನು ಬಂಡೆ ನೋಡ್ತಾನಾ? ಬಂಡೆ ನೋಡೋಕೆ ಇನ್ನೊಬ್ಬ ಇರ್ತಾನೆ." ಕಡಲ ಮೇಲೆ ಬದುಕು ಕಳೆದವರು. ಅವರ ಮಟ್ಟಿಗೆ ಕಾರು ನಾಲ್ಕು ಚಕ್ರದ ದೋಣಿ.

ಅಂಕದ ಪ್ರಕಾರ ಅವರು ಪಾಸು. ಗೆರೆಯಲ್ಲಿ ಹೆಚ್ಚು ಹೊತ್ತು ನಿಂತರೆ ಅಂಕ ಕಳೆಯುವುದಿಲ್ಲ. ನಾನು ಸಹಿ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಹಾಕಬೇಕು ಅನ್ನಿಸಿತ್ತು ಕೂಡ. ಮಿಸಾವೊ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಯ ವ್ಯಾನು ಅವರಿರುವ ಕೊಲ್ಲಿಯವರೆಗೆ ಬರುವುದಿಲ್ಲ, ಬಸ್ಸು ನಿಂತು ಎಷ್ಟೋ ಕಾಲವಾಗಿದೆ. ಈ ಲೈಸೆನ್ಸ್ ಹೋದರೆ ಆಕೆಯ ರಕ್ತ ತೊಳೆಯುವ ಯಂತ್ರದವರೆಗಿನ ದಾರಿಯೇ ಹೋದ ಹಾಗೆ. ಮುದುಕರಿಗೆ ಪ್ರತಿ ವರ್ಷ ಪರೀಕ್ಷೆ ಇಡಬೇಕು ಎನ್ನುವುದು ನಮ್ಮ ಮುಖ್ಯಸ್ಥರ ವಾದ. ನಾನೂ ತಲೆ ಆಡಿಸುತ್ತಿದ್ದವನೇ. ಆದರೆ ಪ್ರತಿ ವರ್ಷ ಇಟ್ಟರೂ ಈ ಮನುಷ್ಯ ಪ್ರತಿ ವರ್ಷ ಪಾಸಾಗುತ್ತಿದ್ದರು, ಪಕ್ಕದಲ್ಲಿ ನನ್ನಂಥವನೊಬ್ಬ ಹೋಗಿ ಎನ್ನುತ್ತಿರುವವರೆಗೆ.

ಇನ್ನೊಂದು ಸುತ್ತು ಹೋಗೋಣ, ಈ ಸಲ ನಾನು ಏನೂ ಹೇಳುವುದಿಲ್ಲ ಎಂದೆ. ಅಷ್ಟರಲ್ಲಿ ಕಾಯುವ ಕೋಣೆಯಿಂದ ಮಿಸಾವೊ ಕೋಲೂರಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಕೂರಬಹುದೇ ಎಂದು ಕೇಳಿದರು. ಕೂರಬಹುದು, ಮಾತಾಡಬಾರದು ಎಂದೆ.

"ಮಾತಾಡದೆ ಇರೋದಾ? ಇವಳಾ?" ತೊಕುಜಿ ಕನ್ನಡಿಯಲ್ಲಿ ನಕ್ಕರು. "ಮೇಷ್ಟ್ರೇ, ಇವಳು ನಿದ್ದೇಲೂ ದಾರಿ ಹೇಳ್ತಾಳೆ."

"ನೀವು ನಿದ್ದೇಲೂ ತಪ್ಪು ದಾರಿ ಹಿಡೀತೀರಲ್ಲ" ಎಂದು ಆಕೆ ಬಾಗಿಲು ಹಾಕಿಕೊಂಡರು.

ಮೊದಲ ಗೆರೆಯಲ್ಲಿ ನಿಂತರು. ನಾನು ಸುಮ್ಮನಿದ್ದೆ. ಅದೇ ಹೊತ್ತಿಗೆ ಎಡಗಡೆಯಿಂದ ಶಾಲೆಯ ಇನ್ನೊಂದು ಕಾರು ಬರುತ್ತಿತ್ತು, ಅದರಲ್ಲಿ ಹೊಸದಾಗಿ ಕಲಿಯುವವಳೊಬ್ಬಳು ಸ್ಟಿಯರಿಂಗ್‌ಗೆ ಜೋತುಬಿದ್ದಿದ್ದಳು. ತೊಕುಜಿ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಆಕೆ ಎಡಕ್ಕೆ ನೋಡುತ್ತಿದ್ದರು, ಬರುತ್ತಿದ್ದ ಕಾರನ್ನೇ. ತುಟಿ ಮುಚ್ಚಿತ್ತು. ಕಾರೊಳಗೆ ಇಂಡಿಕೇಟರಿನ ಟಿಕ್ ಟಿಕ್ ಮಾತ್ರ. ಈ ಪರೀಕ್ಷೆಯಲ್ಲಿ ಯಾರೂ ಹೇಳುವುದಿಲ್ಲ ಎಂಬುದು ತೊಕುಜಿಗೆ ನೆನಪಾಗಿರಬೇಕು. ತಾವೇ ಎಡಕ್ಕೆ ತುಸು ಕತ್ತು ತಿರುಗಿಸಿದರು, ಏನೂ ಕಾಣಲಿಲ್ಲ, ಬ್ರೇಕಿನಿಂದ ಕಾಲು ತೆಗೆದರು.

ನನ್ನ ಕಾಲಿನ ಕೆಳಗಿದ್ದ ಬ್ರೇಕನ್ನು ನಾನು ಒತ್ತಿದೆ. ನಮ್ಮ ಎದುರಿಗೇ ಆ ಹುಡುಗಿಯ ಗಾಬರಿಬಿದ್ದ ಮುಖ ಹಾದುಹೋಯಿತು.



"ನಿನಗೆ ಅದು ಕಂಡಿತ್ತಾ?" ತೊಕುಜಿ ಹಿಂದೆ ತಿರುಗದೆ ಕೇಳಿದರು.

"ಕಂಡಿತ್ತು."

"ಕಂಡೂ ಸುಮ್ಮನಿದ್ಯಾ?"

"ಮೇಷ್ಟ್ರ ಕಾಲ ಕೆಳಗೆ ಬ್ರೇಕಿದೆ ಅಂತ ಗೊತ್ತಿತ್ತು ರೀ." ಆಕೆಯ ದನಿ ತರಕಾರಿಯ ಬೆಲೆ ಹೇಳಿದಷ್ಟೇ ಸಪಾಟಾಗಿತ್ತು. "ರಸ್ತೇಲಿ ಯಾರ ಕಾಲ ಕೆಳಗಿರುತ್ತೆ? ನಾನು ಆಸ್ಪತ್ರೇಲಿ ಮಲಗಿರೋ ದಿನ ನೀವು ಯಾರನ್ನ ಕೇಳ್ತೀರಾ?"

ಲೈಸೆನ್ಸಿನ ಅವಧಿ ಮುಗಿಯುವವರೆಗೆ ಮತ್ತೆ ಪ್ರಯತ್ನಿಸಬಹುದು, ಎಷ್ಟು ಸಲ ಬೇಕಾದರೂ, ಎಂದು ನಾನು ತಿಳಿಸಿದೆ. ನಿಯಮ ಹಾಗೆಯೇ ಇದೆ. ತೊಕುಜಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಇಳಿದು, ತಮ್ಮ ಕಾರಿನವರೆಗೆ ನಡೆದು, ಅದರ ಬೆನ್ನಿಗೆ ಅಂಟಿಸಿದ್ದ ಮುದಿ ಚಾಲಕರ ಗುರುತಿನ ಚೀಟಿಯನ್ನು, ನಾಲ್ಕು ಬಣ್ಣದ ಎಲೆಯನ್ನು, ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡರು. ಬೀಗದ ಕೈಯನ್ನು ನನ್ನತ್ತ ಚಾಚಿದರು.

"ನಾಡಿದ್ದು ಡಯಾಲಿಸಿಸ್ ಇದೆ ಇವಳಿಗೆ" ಎಂದರು. ದೂರಿನ ದನಿಯಲ್ಲ. ತನ್ನ ಪಾಳಿ ಮುಗಿದಾಗ ದೋಣಿಯವನು ಮುಂದಿನವನಿಗೆ ಗಾಳಿಯ ದಿಕ್ಕು ಹೇಳುವ ಹಾಗೆ. ನಾಡಿದ್ದು ನಾನೇ ಬರುತ್ತೇನೆ ಎಂದೆ. ಆಮೇಲಿನದಕ್ಕೆ ಪುರಸಭೆಯವರನ್ನು ಕೇಳಬೇಕು, ಅಲ್ಲಿಗೂ ಬರುತ್ತೇನೆ ಎಂದೆ.

ಅವರ ಕಾರನ್ನು ನಾನು ಓಡಿಸಿದೆ. ಮಿಸಾವೊ ತಮ್ಮ ಎಂದಿನ ಜಾಗದಲ್ಲಿ, ನನ್ನ ಎಡಕ್ಕೆ, ಹೊಲಿದ ದಿಂಬಿನ ಮೇಲೆ ಕೂತರು. ತೊಕುಜಿ ಹಿಂದೆ ಮೊಣಕಾಲು ಮಡಚಿಕೊಂಡು, "ಈ ಸೀಟು ಇಷ್ಟು ಇಕ್ಕಟ್ಟಾ? ನಿನ್ನ ಅಕ್ಕ ಅದಕ್ಕೇ ಯಾವಾಗಲೂ ಮುಖ ಗಂಟು ಹಾಕ್ಕೊಳ್ತಿದ್ಲಾ?" ಎಂದರು. ಮಿಸಾವೊ ನಕ್ಕರು. ನಾನೂ ನಕ್ಕೆ. ಒಣಗಲು ಹಾಕಿದ ಮೀನುಗಳ ಸಾಲುಗಳನ್ನು ದಾಟಿ ಕೊಲ್ಲಿಯ ಕಡೆಗಿನ ಕೂಡುರಸ್ತೆಗೆ ಬಂದು ನಿಂತೆ. ಎಡಕ್ಕೆ ಕೋಲ್ಡ್ ಸ್ಟೋರೇಜಿನ ಗೋಡೆ, ನನ್ನ ಸೀಟಿನಿಂದ ಆಚೆಗಿನದು ಕಾಣದ ತಿರುವು.

"ಖಾಲಿ" ಎಂದರು ಮಿಸಾವೊ.

ಕಾರು ಹೊರಟಿತು. ರಸ್ತೆಯ ಆಚೆ ಬದಿ ಮುಟ್ಟಿದ ಮೇಲೆಯೇ ನನಗೆ ತಿಳಿದದ್ದು, ನಾನು ಎಡಕ್ಕೆ ನೋಡಿರಲಿಲ್ಲ ಎಂದು. ನನಗೆ ಇನ್ನೂ ಮೂವತ್ತೆರಡು. ನನ್ನ ಲೈಸೆನ್ಸಿಗೆ, ತಪ್ಪಿಲ್ಲದೆ ಓಡಿಸಿದವರಿಗೆ ಕೊಡುವ ಚಿನ್ನದ ಬಣ್ಣದ ಪಟ್ಟಿಯಿದೆ. ಐದು ವರ್ಷಕ್ಕೊಮ್ಮೆ ಹೋಗಿ ಫೋಟೋ ಹೊಡೆಸಿಕೊಂಡರೆ ಸಾಕು.

ಕನ್ನಡಿಯಲ್ಲಿ ತೊಕುಜಿ ನನ್ನನ್ನೇ ನೋಡುತ್ತಿದ್ದರು.  ಮುಂದಿನ ಗೆರೆಯಲ್ಲಿ ನಾನು ಕಾರು ನಿಲ್ಲಿಸಿದೆ. ಮಿಸಾವೊ ಖಾಲಿ ಎಂದ ಮೇಲೂ ಹೊರಡದೆ, ಸೀಟಿನಿಂದ ಮುಂದಕ್ಕೆ ಬಾಗಿ, ಎಡಕ್ಕೆ ಕತ್ತು ಚಾಚಿದೆ.