ಕೆಂಪು ಚುಕ್ಕೆಯ ಬಸವನಹುಳುಗಳು

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು, ಹೋಗಿ ಹೋಗಿ ಬಸವನಹುಳುಗಳ ಮೇಲೆ ಪಿಎಚ್‌ಡಿ ಮಾಡಿದ್ದಳು! ಮನೆಯಲ್ಲಿ ಈ ತಮಾಷೆ ಹಳಸಿಹೋಗಿದ್ದರೂ ತಂಗಿ ಬಿಡುತ್ತಿರಲಿಲ್ಲ. "ನಮ್ಮ ಡಾಕ್ಟ್ರಮ್ಮ ಒಂದು ಕಡೆ ಕೂತಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಅನ್ನುತ್ತಿದ್ದಳು.

ಆವತ್ತಂತೂ ಕೇಳಲೇಬೇಡಿ. ಮಧ್ಯಾಹ್ನ ಮೂರಕ್ಕೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆ ಕೆಲಸದ ಇಂಟರ್‌ವ್ಯೂ, ಕಂಪ್ಯೂಟರಿನಲ್ಲೇ. ಜೀವಿಗಳ ಸಂಖ್ಯೆ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ ಅಂತ ಹುಡುಕುವ ದೊಡ್ಡ ಲ್ಯಾಬು. ಇದ್ದದ್ದು ಒಂದೇ ಜಾಗ. ಪಿಎಚ್‌ಡಿ ಮುಗಿಸಿ ಮೂರು ವರ್ಷ ದಾಟಿರಬಾರದು ಅನ್ನುವುದು ಎಲ್ಲ ಕಡೆಯ ನಿಯಮ. ಅವಳಿಗೆ ಮುಂದಿನ ತಿಂಗಳು ಮೂರು ತುಂಬುತ್ತಿತ್ತು. ಹನ್ನೊಂದು ಅರ್ಜಿ ಹಾಕಿ ಹನ್ನೊಂದು ಕಡೆಯಿಂದಲೂ ಇಲ್ಲ ಅನ್ನಿಸಿಕೊಂಡಿದ್ದಳು. ಇದೂ ಕೈತಪ್ಪಿದರೆ ಅಲ್ಲಿಗೆ ಮುಗೀತು.

ಬೆಳಗ್ಗೆಯಿಂದ ಮೈಕು ಪರೀಕ್ಷೆ ಮಾಡಿದ್ದು ಒಂಬತ್ತು ಸಲ. ಕುರ್ಚಿಯನ್ನು ಕಿಟಕಿಯ ಹತ್ತಿರ ಇಟ್ಟಳು, ಗೋಡೆಯ ಹತ್ತಿರ ಎಳೆದಳು, ಮತ್ತೆ ಕಿಟಕಿಗೇ ತಂದಳು. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅಮ್ಮನಿಗೆ ಸಾಕುಬೇಕಾಯಿತು.

"ನಿನ್ನ ನೋಡಿ ನೋಡಿ ನನ್ನ ಹೊಲಿಗೆ ಸೊಟ್ಟಗಾಗ್ತಿದೆ ಮಹಾತಾಯಿ! ಎಲ್ಲಾದ್ರೂ ಒಂದು ಸುತ್ತು ಹಾಕ್ಕೊಂಡು ಬಾ."

ಅವಳ ಕಾಲು ತಾನಾಗಿ ನೀರಿನ ಟ್ಯಾಂಕಿನ ಹಿಂದಿನ ಗುಡ್ಡಕ್ಕೆ ಹೋಯಿತು. ಪಿಎಚ್‌ಡಿ ಮಾಡಿದ್ದು ಅಲ್ಲೇ. ಲೆಕ್ಕ ಸುಲಭದ್ದು. ನೂರು ಹುಳು ಹಿಡಿದು, ಚಿಪ್ಪಿನ ಮೇಲೆ ಚುಕ್ಕೆ ಇಟ್ಟು ಬಿಡುವುದು. ತಿಂಗಳಾದ ಮೇಲೆ ಮತ್ತೆ ನೂರು ಹಿಡಿಯುವುದು. ಅದರಲ್ಲಿ ಹತ್ತಕ್ಕೆ ಚುಕ್ಕೆಯಿದ್ದರೆ, ನೀವು ಚುಕ್ಕೆಯಿಟ್ಟ ನೂರು ಒಟ್ಟು ಸಂಖ್ಯೆಯ ಹತ್ತನೇ ಒಂದು ಪಾಲು. ಅಂದರೆ ಗುಡ್ಡದಲ್ಲಿ ಸಾವಿರ ಹುಳು. ಅವಳಿಗೆ ಸಿಕ್ಕಿದ್ದು ಸರಿಯಾಗಿ ಹತ್ತೇ. ಆ ಸಾವಿರದಿಂದಲೇ ಅವಳ ಹೆಸರು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಈ ಇಂಟರ್‌ವ್ಯೂ ಬಂದಿತ್ತು.

ಗುಡ್ಡದ ತುದಿಯ ಚಪ್ಪಟೆ ಕಲ್ಲಿನ ಮೇಲೆ ಹಕ್ಕಿಯೊಂದು ಏನನ್ನೋ ಕುಟ್ಟುತ್ತಿತ್ತು. ಇವಳನ್ನು ಕಂಡು ಹಾರಿಹೋಯಿತು. ಒಡೆದ ಬಸವನಹುಳು. ಕಲ್ಲಿನ ಅಡಿಯ ಸಂದಿಯಲ್ಲಿ ಹಳೆಯ ಚಿಪ್ಪುಗಳ ರಾಶಿ. ಕೈಹಾಕಿ ಒಂದನ್ನು ತೆಗೆದಳು. ಕೆಂಪು ಚುಕ್ಕೆ. ಇನ್ನೊಂದು ತೆಗೆದಳು. ಅದಕ್ಕೂ ಕೆಂಪು ಚುಕ್ಕೆ. ಮಣ್ಣಲ್ಲೇ ಕೂತು ಎಲ್ಲವನ್ನೂ ಎಳೆದು ಹಾಕಿದಳು. ನಲವತ್ತೆರಡು ಚಿಪ್ಪು, ಮೂವತ್ತಾರಕ್ಕೆ ಚುಕ್ಕೆ.

ಆ ಚುಕ್ಕೆ ತಂಗಿಯ ನೇಲ್ ಪಾಲಿಶ್‌ನದು. "ಏನಕ್ಕಾ, ನಿನ್ನ ಹುಳುಗಳಿಗೆ ಮದುವೇನಾ?" ಅಂತ ನಗುತ್ತಲೇ ಅವಳು ಶೀಸೆ ಕೊಟ್ಟಿದ್ದಳು. ಹುಲ್ಲಿನಲ್ಲಿ ತನಗೆ ಬೇಗ ಕಾಣಲಿ ಅಂತಲೇ ಇವಳು ಕೆಂಪು ಆರಿಸಿದ್ದು. ಹಕ್ಕಿಗೂ ಬೇಗ ಕಂಡಿತ್ತು! ಚುಕ್ಕೆಯಿದ್ದವನ್ನೇ ಹೆಕ್ಕಿ ಹೆಕ್ಕಿ ತಿಂದಿತ್ತು. ಅದಕ್ಕೇ ಎರಡನೇ ಸಲ ಹತ್ತೇ ಸಿಕ್ಕಿದ್ದು. ಚುಕ್ಕೆ ಕಮ್ಮಿ ಸಿಕ್ಕಿದ್ದಕ್ಕೆ ಲೆಕ್ಕ ಉಬ್ಬಿತ್ತು. ಸಾವಿರ ಯಾವತ್ತೂ ಇರಲೇ ಇಲ್ಲ.

ಮನೆಗೆ ಓಡಿಬಂದಳು. ಊಟ ಸೇರಲಿಲ್ಲ. ಹೇಳಬೇಕಾ? ಯಾರಿಗೆ ಗೊತ್ತಾಗುತ್ತೆ? ಕೆಲಸ ಸಿಕ್ಕ ಮೇಲೆ ತಿದ್ದಿದರಾಯಿತಲ್ಲ? ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಎಷ್ಟು ಸಲ ತಿರುಗಿದಳೋ! ಚಿಪ್ಪುಗಳು ಜೇಬಿನಲ್ಲಿ ಕಟಕಟ ಅನ್ನುತ್ತಿದ್ದವು.

ಮೂರಕ್ಕೆ ಪರದೆಯ ಮೇಲೆ ಇಬ್ಬರು ಬಂದರು. ಲ್ಯಾಬಿನ ಮುಖ್ಯಸ್ಥರು, ಪಕ್ಕದಲ್ಲಿ ದಪ್ಪ ಕನ್ನಡಕದ ಮೇಡಂ. ಮುಖ್ಯಸ್ಥರು ನಗುನಗುತ್ತಾ, "ಅಷ್ಟು ಸಣ್ಣ ಗುಡ್ಡದಲ್ಲಿ ಸಾವಿರ ಹುಳು! ಅದರಿಂದಲೇ ಶುರು ಮಾಡೋಣ" ಅಂದರು.

ಬೇಕಾದಷ್ಟು ಉತ್ತರ ಬಾಯಿಪಾಠ ಮಾಡಿದ್ದಳು. ಅದನ್ನೆಲ್ಲ ಬಿಟ್ಟು ಜೇಬಿಗೆ ಕೈಹಾಕಿದಳು.

"ಸಾರ್, ಆ ಸಾವಿರ ತಪ್ಪು" ಅಂದು ಚಿಪ್ಪುಗಳನ್ನು ಕ್ಯಾಮರಾದ ಮುಂದೆ ಹಿಡಿದಳು. ನೇಲ್ ಪಾಲಿಶ್ ಸಮೇತ ಎಲ್ಲ ಹೇಳಿದಳು.

ಕನ್ನಡಕದ ಮೇಡಂ ಮುಂದಕ್ಕೆ ಬಾಗಿದರು. "ಇದು ನಿಮಗೆ ಗೊತ್ತಾಗಿದ್ದು ಯಾವಾಗ?"

"ಇವತ್ತು ಬೆಳಗ್ಗೆ, ಮೇಡಂ."

"ಹಾಗಾದ್ರೆ ಗುಡ್ಡದಲ್ಲಿ ನಿಜವಾಗಿ ಎಷ್ಟಿವೆ?"

"ಗೊತ್ತಿಲ್ಲ, ಮೇಡಂ."

ಮುಖ್ಯಸ್ಥರ ನಗು ಆರಿತ್ತು. ಮುಕ್ಕಾಲು ಗಂಟೆಯ ಇಂಟರ್‌ವ್ಯೂ ಹನ್ನೆರಡು ನಿಮಿಷಕ್ಕೆ ಮುಗಿಯಿತು.

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿದ್ದ ತಂಗಿ ಒಳಗೆ ನುಗ್ಗಿದಳು. "ನಿನಗೇನು ತಲೆ ಕೆಟ್ಟಿದೆಯೇನೇ ಅಕ್ಕಾ! ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡ್ಕೊಂಡ್ಯಲ್ಲೇ!" ಬೈಯುತ್ತಲೇ ಅತ್ತವಳೂ ಅವಳೇ. ಅಮ್ಮ ಬೆಳಗ್ಗೆ ಸೊಟ್ಟಗೆ ಹೊಲಿದಿದ್ದ ರವಿಕೆಯ ತೋಳನ್ನು ತೊಡೆಯ ಮೇಲೆ ಹಾಕಿಕೊಂಡು ದಾರ ಬಿಚ್ಚುತ್ತಿದ್ದಳು.

ನಾಲ್ಕನೇ ದಿನ ಪತ್ರ ಬಂತು. ಜಾಗ ಬೇರೆಯವರಿಗೆ. ಕೊನೆಯಲ್ಲಿ ಕನ್ನಡಕದ ಮೇಡಂ ಒಂದೇ ಸಾಲು ಸೇರಿಸಿದ್ದರು: ಎಷ್ಟಿವೆ ಅಂತ ಗೊತ್ತಾದ ದಿನ ನನಗೂ ತಿಳಿಸಿ.

ಓದಿ ಅವಳಿಗೆ ಅಳು ಬಂತು. ಚೆನ್ನಾಗಿ ಅತ್ತಳು, ಯಾರನ್ನೂ ಹತ್ತಿರ ಸೇರಿಸಲಿಲ್ಲ. ಆಮೇಲೆ ಮುಖ ತೊಳೆದು ಬಂದು ತಂಗಿಯ ಪಕ್ಕ ಕೂತಳು. ಕಾಲು ಅಲ್ಲಾಡಿಸದೆ ಕೂತಿದ್ದಾಳಲ್ಲ ಅಂತ ತಂಗಿಗೇ ಗಾಬರಿಯಾಯಿತು.

"ಮಣ್ಣಿನ ಬಣ್ಣದ ನೇಲ್ ಪಾಲಿಶ್ ಇದೆಯೇನೇ ನಿನ್ನ ಹತ್ರ?"

"ಥೂ, ಅದನ್ನ ಯಾರು ಹಚ್ಕೋತಾರೆ?"

"ಹುಡುಕೇ. ನಾಳೆ ಬೆಳಗ್ಗೆ ನೂರು ಹುಳುಗಳಿಗೆ ಹಚ್ಚಬೇಕು."